ಜೆಪ್ಪು: ಕೆರೆಯೂ ಇದೆ, ನದಿಯೂ ಇದೆ, ನಡೆದು ಹೋಗಲು ದಾರಿ ಎಲ್ಲಿ?

ಮಂಗಳೂರು: ಕೇಂದ್ರ ಸರಕಾರದ ಸ್ಮಾರ್ಟ್ ಸಿಟಿ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಕೊನೆಗೊಂಡಿತು. 2016ರ ಸೆಪ್ಟೆಂಬರಿನಲ್ಲಿ ಆ ಪಟ್ಟಿಗೆ ಸೇರಿದ್ದ ಮಂಗಳೂರಿನಲ್ಲಿ ಈ ಯೋಜನೆಯ ಹಣ ಎಲ್ಲೆಲ್ಲಿ ಹರಿಯಿತು ಎಂದು ಲೆಕ್ಕ ಹಾಕಿದರೆ, ನಗರದ ದಕ್ಷಿಣ ತುದಿಯ ಜೆಪ್ಪು ಮತ್ತು ಅದರ ಸುತ್ತಲಿನ ಪ್ರದೇಶ ಕಡೆಗಣನೆಗೆ ಒಳಗಾಯಿತೆಂದು ಯಾರೂ ದೂರುವಂತಿಲ್ಲ. ಗುಜ್ಜರಕೆರೆಯ ಅಭಿವೃದ್ಧಿ, ನೇತ್ರಾವತಿ ದಂಡೆಯ ವಿಹಾರಪಥ, ಎಮ್ಮೆಕೆರೆಯ ಈಜುಕೊಳ, ಮಹಾಕಾಳಿಪಡ್ಪು ರೈಲ್ವೆ ಕೆಳಸೇತುವೆ ಎಂಬ ನಾಲ್ಕು ಕಾಮಗಾರಿಗಳು ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಕೈಗೆತ್ತಿಕೊಳ್ಳಲ್ಪಟ್ಟವು. ಇವುಗಳಲ್ಲಿ ಮೂರು ಜನರ ವಿಹಾರ, ವ್ಯಾಯಾಮ ಮತ್ತು ವಿಶ್ರಾಂತಿಗೆ ಸಂಬಂಧಿಸಿದವು.

ಇಷ್ಟಾದರೂ ಜೆಪ್ಪುವಿನ ನಿವಾಸಿಯೊಬ್ಬರು ಸಂಜೆ ಮೊಮ್ಮಗನ ಕೈ ಹಿಡಿದು ಕೆರೆಯಿಂದ ನದಿಯವರೆಗೆ ನಡೆದು ಹೋಗಬೇಕೆಂದರೆ, ಬಸ್ಸು, ಕಾರು, ದ್ವಿಚಕ್ರ ವಾಹನಗಳ ನಡುವೆ ರಸ್ತೆಯ ಅಂಚನ್ನು ಹಿಡಿದೇ ಸಾಗಬೇಕು. ವಿಹಾರಪಥವನ್ನು ತಲುಪಲು ಕಾರು ಬೇಕು; ಕಾರು ಒಯ್ದರೆ ಅಲ್ಲಿ ನಿಲ್ಲಿಸಲು ಜಾಗ ಬೇಕು; ಆ ಜಾಗಕ್ಕಾಗಿ ಮತ್ತಷ್ಟು ರಸ್ತೆ ಬೇಕು. ಕೋಟ್ಯಂತರ ರೂಪಾಯಿ ವೆಚ್ಚದ ಬಳಿಕವೂ ಈ ಸುತ್ತು ಬಿಚ್ಚಿಕೊಂಡಿಲ್ಲ. ಜೆಪ್ಪುವಿನಲ್ಲಿ ಈಗ ಕೊರತೆ ಇರುವುದು ಉದ್ಯಾನಗಳದ್ದಲ್ಲ, ಉದ್ಯಾನಗಳ ನಡುವಿನ ದಾರಿಯದ್ದು. ನಗರದ ಯೋಜಕರು ಈ ದಾರಿಯನ್ನು ಇದುವರೆಗೆ ಸಾರ್ವಜನಿಕ ಸ್ಥಳವೆಂದು ಪರಿಗಣಿಸಿಯೇ ಇಲ್ಲ ಎಂಬುದು ಸಮಸ್ಯೆಯ ಮೂಲ.

ಹೆಸರಿನಲ್ಲಿ ಉಳಿದ ಬಯಲು

ಈ ಭಾಗದ ಸ್ಥಳನಾಮಗಳು ಒಂದು ಹಳೆಯ ಭೂದಾಖಲೆಯಂತಿವೆ. ಜೆಪ್ಪು ಮಜಿಲ ಎನ್ನುವಲ್ಲಿರುವ 'ಮಜಿಲು', ಕರಾವಳಿಯ ಗದ್ದೆಗಳ ಬೈಲು, ಮಜಲು, ಬೆಟ್ಟು ಎಂಬ ವಿಂಗಡಣೆಯಲ್ಲಿ ನಡುವಣ ದರ್ಜೆಯದು. ಮಹಾಕಾಳಿಪಡ್ಪುವಿನ 'ಪಡ್ಪು' ತುಳುವಿನಲ್ಲಿ ಹುಲ್ಲು ಬೆಳೆದ ತೆರೆದ ಬಯಲು. ಗುಜ್ಜರಕೆರೆ, ಎಮ್ಮೆಕೆರೆಗಳಿಗೆ ವಿವರಣೆ ಬೇಕಿಲ್ಲ. ಮಾರ್ನಮಿಕಟ್ಟೆಯ 'ಕಟ್ಟೆ' ಎಂದರೆ ಊರವರು ಕುಳಿತು ಮಾತಾಡುವ, ದೇವರ ಉತ್ಸವ ಬಂದು ನಿಲ್ಲುವ ಜಾಗ. ಸಮೀಪದ ನಂದಿಗುಡ್ಡೆಯಲ್ಲಿ ಗುಡ್ಡವೂ, ಹೊಯಿಗೆಬಜಾರಿನಲ್ಲಿ ಮರಳೂ ಉಳಿದಿವೆ, ಹೆಸರಿನ ಮಟ್ಟಿಗೆ. ಗದ್ದೆ, ಬಯಲು, ಕೆರೆ, ಕಟ್ಟೆಗಳಿಂದಲೇ ಕೂಡಿದ್ದ ಊರೊಂದು ತನ್ನ ತೆರೆದ ಜಾಗಗಳನ್ನು ಕಳೆದುಕೊಂಡ ಕ್ರಮ ತುಸು ವಿಚಿತ್ರವಾದುದು.

ಬಾಸೆಲ್ ಮಿಷನ್ 1860ರ ದಶಕದಲ್ಲಿ ಜೆಪ್ಪುವಿನ ನೇತ್ರಾವತಿ ದಂಡೆಯಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು. ಜಾರ್ಜ್ ಪ್ಲೆಬ್ಸ್ಟ್ ಅವರ ಹೆಸರಿನೊಂದಿಗೆ ಗುರುತಿಸಲಾಗುವ ಈ ಕಾರ್ಖಾನೆಯಿಂದಲೇ 'ಮಂಗಳೂರು ಹಂಚು' ದೇಶ ವಿದೇಶಗಳಿಗೆ ಪರಿಚಯವಾಯಿತು. ಹಂಚಿಗೆ ಬೇಕಾದ ಆವೆಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸಿದ್ಧ ಹಂಚು ದೋಣಿಯಲ್ಲೇ ಬಂದರಿಗೆ ಹೋಗುತ್ತಿತ್ತು. ಹೀಗಾಗಿ ಜೆಪ್ಪು, ಬೋಳಾರ, ಹೊಯಿಗೆಬಜಾರುಗಳ ನದಿದಂಡೆ ತಲೆಮಾರುಗಳ ಕಾಲ ಕಾರ್ಖಾನೆ ಮತ್ತು ಗೋದಾಮುಗಳ ಆವರಣವಾಯಿತು. ಕೆಲಸಗಾರರ ಮನೆಗಳು ಅದರ ಹಿಂದೆ, ಏರಿನಲ್ಲಿ. 1879ರಲ್ಲಿ ಆರಂಭವಾದ ಸೇಂಟ್ ಜೋಸೆಫ್ ಸೆಮಿನರಿಯ ವಿಶಾಲ ಆವರಣ, ಇಗರ್ಜಿಗಳು, ದೇವಸ್ಥಾನಗಳು, ಹಿತ್ತಿಲುಗಳ ನಡುವಿನ ಹಂಚಿನ ಮನೆಗಳು. ಆಗ ಸಾರ್ವಜನಿಕ ಉದ್ಯಾನದ ಅಗತ್ಯ ಯಾರಿಗೂ ಕಾಣಲಿಲ್ಲ. ಪ್ರತಿ ಮನೆಯ ಹಿತ್ತಿಲಿನಲ್ಲಿ ಹಲಸು, ಮಾವು, ತೆಂಗು ಇದ್ದವು. ಮಕ್ಕಳ ಆಟಕ್ಕೆ ಕೊಯ್ಲಾದ ಗದ್ದೆ ಇತ್ತು.

ಆ ಹಿತ್ತಿಲುಗಳು ಕಳೆದ ಮೂರು ನಾಲ್ಕು ದಶಕಗಳಲ್ಲಿ ಒಂದೊಂದಾಗಿ ಅಪಾರ್ಟ್‌ಮೆಂಟುಗಳಾದವು. ಹಂಚಿನ ಉದ್ಯಮ ಕುಸಿದು ಕಾರ್ಖಾನೆಗಳು ಮುಚ್ಚಿದವು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬೆಂಗಳೂರು, ಮೈಸೂರುಗಳಲ್ಲಿ ನಗರಾಭಿವೃದ್ಧಿ ಪ್ರಾಧಿಕಾರವು ದೊಡ್ಡ ಬಡಾವಣೆಗಳನ್ನು ರಚಿಸಿದಾಗ ಉದ್ಯಾನ ಮತ್ತು ನಾಗರಿಕ ಸೌಕರ್ಯಕ್ಕೆ ನಿಗದಿತ ಪ್ರಮಾಣದ ಜಮೀನನ್ನು ಕಾದಿರಿಸಲೇಬೇಕು. ಮಂಗಳೂರಿನ ಹಳೆಯ ಪ್ರದೇಶಗಳು ಬೆಳೆದುದು ಬಡಾವಣೆಗಳಾಗಿ ಅಲ್ಲ. ಇಲ್ಲಿ ಜಮೀನು ಕುಟುಂಬಗಳ ಪಾಲಾಗಿ, ಪಾಲು ನಿವೇಶನವಾಗಿ, 'ಏಕನಿವೇಶನ' ನಕ್ಷೆಯಡಿ ಒಂದೊಂದಾಗಿ ಅನುಮೋದನೆ ಪಡೆಯಿತು. ಹತ್ತು ಸೆಂಟ್ಸಿನ ಹಿತ್ತಿಲಿನಿಂದ ಯಾವ ಉದ್ಯಾನ ಹೊರಡೀತು? ಒಂದೊಂದು ಅನುಮೋದನೆಯೂ ನಿಯಮಬದ್ಧವೇ ಇರಬಹುದು, ಆದರೆ ನೂರು ಅನುಮೋದನೆಗಳು ಸೇರಿ ಒಂದು ನೆರೆಕರೆಯನ್ನು ಕಟ್ಟಿದಾಗ ಸಾರ್ವಜನಿಕರಿಗೆಂದು ಬಿಟ್ಟ ಜಾಗ ಶೂನ್ಯವಾಯಿತು. ದೊಡ್ಡ ವಸತಿ ಸಮುಚ್ಚಯಗಳಲ್ಲಿ ತೆರೆದ ಜಾಗವಿದೆ ನಿಜ. ಅದು ಗೇಟಿನ ಒಳಗಿದೆ, ಕಾವಲುಗಾರನ ಆಚೆಗಿದೆ.

ನಗರ ಯೋಜನೆಗೆ ಸಂಬಂಧಿಸಿದಂತೆ ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯು ತಲಾ 10ರಿಂದ 12 ಚದರ ಮೀಟರ್ ತೆರೆದ ಜಾಗವನ್ನು ಶಿಫಾರಸು ಮಾಡುತ್ತದೆ. ಜೆಪ್ಪುವಿನಂಥ ಪ್ರದೇಶದಲ್ಲಿ ಇಂದಿನ ಮಾರುಕಟ್ಟೆ ದರದಲ್ಲಿ ಜಮೀನು ಸ್ವಾಧೀನಪಡಿಸಿಕೊಂಡು ಈ ಪ್ರಮಾಣವನ್ನು ತಲುಪುವುದು ಕನಸಿನ ಮಾತು. ಹಾಗಾಗಿ ಸಾರ್ವಜನಿಕರ ಸ್ವತ್ತಾಗಿ ಉಳಿದಿರುವುದು ಮೂರೇ: ಕೆರೆಯ ಏರಿ, ನದಿಯ ದಂಡೆ ಮತ್ತು ರಸ್ತೆ. ಮೊದಲೆರಡರ ಮೇಲೆ ಹಣ ಸುರಿಯಲಾಗಿದೆ. ಮೂರನೆಯದನ್ನು ವಾಹನಗಳಿಗೆ ಬಿಟ್ಟುಕೊಡಲಾಗಿದೆ.

ಕೆರೆ, ದಂಡೆ, ಕೊಳ

ಗುಜ್ಜರಕೆರೆಯ ಕಥೆ ಮಂಗಳೂರಿಗರಿಗೆ ಹೊಸತಲ್ಲ. ಕೆರೆಯ ಸುತ್ತ ನಡಿಗೆ ಪಥ ಬಂದಿದೆ, ತಡೆಬೇಲಿ ಬಂದಿದೆ, ದೀಪಗಳು ಬಂದಿವೆ. ಬೆಳಗ್ಗೆ ಸಂಜೆ ನಡೆಯುವವರು ಇದ್ದಾರೆ. ಆದರೆ ಒಳಚರಂಡಿಯ ಕೊಳಚೆ ಕೆರೆ ಸೇರುತ್ತಿದೆ ಎಂಬ ದೂರು ಈ ಅಭಿವೃದ್ಧಿಗಿಂತ ಹಳೆಯದು. ಕೆರೆಯ ಉಳಿವಿಗಾಗಿ ಸ್ಥಳೀಯರು ವರ್ಷಗಟ್ಟಲೆ ಹೋರಾಡಿದ್ದಾರೆ, ಅಭಿವೃದ್ಧಿಯ ಬಳಿಕವೂ ಅದೇ ದೂರು ಮರುಕಳಿಸಿದೆ. ಮೊದಲು ಮಾಡಬೇಕಾದ ಕೆಲಸ ನೆಲದಡಿಯ ಕೊಳವೆಯದ್ದು. ಅದು ಕಣ್ಣಿಗೆ ಕಾಣದು, ಉದ್ಘಾಟನೆಗೆ ಒಗ್ಗದು. ಕಾಣುವ ಕೆಲಸ ಮೊದಲಾಗಿ, ಕಾಣದ ಕೆಲಸ ಹಿಂದುಳಿಯುವುದು ನಮ್ಮ ಸ್ಥಳೀಯ ಸಂಸ್ಥೆಗಳ ಹಳೆಯ ಚಾಳಿ. ನೀರು ನಾರುವ ಕೆರೆಯ ಸುತ್ತ ಎಷ್ಟು ಒಳ್ಳೆಯ ಪಥ ಹಾಕಿದರೂ ಅದರ ಬಳಿ ಕುಳಿತುಕೊಳ್ಳಲು ಯಾರಿಗೂ ಮನಸ್ಸಾಗದು.

ನೇತ್ರಾವತಿ ದಂಡೆಯ ವಿಹಾರಪಥ ಇನ್ನೂ ಮಹತ್ವಾಕಾಂಕ್ಷೆಯ ಯೋಜನೆ. ನೇತ್ರಾವತಿ ಸೇತುವೆಯ ಕಡೆಯಿಂದ ಬೋಳಾರದವರೆಗೆ ಸುಮಾರು 2 ಕಿಲೋಮೀಟರ್ ಉದ್ದಕ್ಕೆ ನಡಿಗೆ ಮತ್ತು ಸೈಕಲ್ ಪಥವನ್ನು ಕಲ್ಪಿಸಿದ ಈ ಯೋಜನೆಯು ಒಂದೂವರೆ ಶತಮಾನ ಕಾಲ ಕಾರ್ಖಾನೆಗಳ ಬೆನ್ನಿಗಿದ್ದ ನದಿಯನ್ನು ಊರಿನ ಮುಖಕ್ಕೆ ತರುವ ಉದ್ದೇಶ ಹೊಂದಿದೆ. ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಅಳಿವೆಯ ಸಮೀಪದ ಈ ದಂಡೆಯಲ್ಲಿ ಕಾಂಡ್ಲಾ ಗಿಡಗಳಿವೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಕಾಂಡ್ಲಾವನಗಳನ್ನು ಅತಿಸೂಕ್ಷ್ಮ ವರ್ಗದಲ್ಲಿರಿಸಿ, ಸಾವಿರ ಚದರ ಮೀಟರಿಗಿಂತ ಹೆಚ್ಚಿನ ಕಾಂಡ್ಲಾವನದ ಸುತ್ತ 50 ಮೀಟರ್ ಕಾಪುವಲಯವನ್ನು ವಿಧಿಸುತ್ತದೆ. ನಿಯಮ ಉಲ್ಲಂಘನೆಯ ಆಕ್ಷೇಪದೊಂದಿಗೆ ಪರಿಸರ ಸಂಘಟನೆಯೊಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಹಸಿರಿಗಾಗಿ ರೂಪಿಸಿದ ಯೋಜನೆಯೇ ಹಸಿರು ನ್ಯಾಯಮಂಡಳಿಯ ಎದುರು ನಿಂತುದು ವಿಪರ್ಯಾಸ. ಕಾಂಡ್ಲಾ ಬೆಳೆದ ಕೆಸರು ದಂಡೆ ಕಾಂಕ್ರೀಟ್ ಗೋಡೆಗಿಂತ ಚೆನ್ನಾಗಿ ನೆರೆಯ ರಭಸವನ್ನು ತಡೆಯುತ್ತದೆ, ಮೀನಿಗೆ ಮರಿಮಾಡುವ ಆಸರೆಯಾಗುತ್ತದೆ. ಹಸಿರೆಂದರೆ ಹುಲ್ಲುಹಾಸು, ಅಭಿವೃದ್ಧಿಯೆಂದರೆ ಇಂಟರ್‌ಲಾಕ್ ಎಂದು ತಿಳಿದ ಯೋಜಕರಿಗೆ ಅದು ಬರೇ ಪೊದೆಯಾಗಿ ಕಾಣುತ್ತದೆ.

ಎಮ್ಮೆಕೆರೆಯ ಅಂತಾರಾಷ್ಟ್ರೀಯ ದರ್ಜೆಯ ಈಜುಕೊಳ 2023ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು, ರಾಷ್ಟ್ರಮಟ್ಟದ ಮಾಸ್ಟರ್ಸ್ ಈಜು ಸ್ಪರ್ಧೆಯೂ ಅಲ್ಲಿ ನಡೆಯಿತು. ಕ್ರೀಡಾಪಟುಗಳಿಗೆ ಅದರಿಂದ ಪ್ರಯೋಜನವಾಗಿದೆ. ಆದರೂ ಟಿಕೆಟ್ ಪಡೆದು ಒಳಹೋಗುವ ಕೊಳ ಮತ್ತು ಯಾರೂ ಕೇಳದೆ ಚೆಂಡಾಡುವ ಬಯಲು ಒಂದೇ ಬಗೆಯ ಸಾರ್ವಜನಿಕ ಸ್ಥಳಗಳಲ್ಲ ಎಂಬುದನ್ನು ಮರೆಯುವಂತಿಲ್ಲ.

ನಡುವಿನ ದಾರಿ

ಈ ಮೂರನ್ನೂ ಕೂಡಿಸುವ ರಸ್ತೆಗಳ ಸ್ಥಿತಿಯತ್ತ ಈಗ ನೋಡಬೇಕು. ಮಂಗಳೂರು ಮಹಾನಗರಪಾಲಿಕೆ ಕಳೆದೆರಡು ದಶಕಗಳಲ್ಲಿ ನಗರದ ಪ್ರಮುಖ ರಸ್ತೆಗಳಿಗೆ ಕಾಂಕ್ರೀಟ್ ಹಾಸಿತು. ಕರಾವಳಿಯ ಮಳೆಗೆ ಡಾಮರು ನಿಲ್ಲದ ಕಾರಣ ಅದು ಸರಿಯಾದ ನಿರ್ಧಾರವೇ. ಆದರೆ ಅನೇಕ ಕಡೆ ಕಾಂಕ್ರೀಟ್ ಮೊದಲು ಬಂತು. ಚರಂಡಿ ಮತ್ತು ಕಾಲುದಾರಿ ನಂತರದ ಹಂತಕ್ಕೆ ಉಳಿದವು. ಕಾಲುದಾರಿ ಇರುವಲ್ಲಿ ಅದು ಅಂಗಡಿಯ ಮೆಟ್ಟಿಲಿಗೆ, ವಿದ್ಯುತ್ ಪರಿವರ್ತಕಕ್ಕೆ, ನಿಲ್ಲಿಸಿದ ಬೈಕಿಗೆ ದಾರಿ ಬಿಟ್ಟು ತುಂಡಾಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾನದಂಡದ ಪ್ರಕಾರ ಕಾಲುದಾರಿಯಲ್ಲಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ನಡೆಯುವವರಿಗಿರಬೇಕು. ಮೋರ್ಗನ್ಸ್‌ಗೇಟಿನಿಂದ ಮಂಗಳಾದೇವಿಯವರೆಗೆ ಅಳತೆಪಟ್ಟಿ ಹಿಡಿದು ನಡೆದವರಿಗೆ ಈ ಅಂಕಿ ಹಾಸ್ಯದಂತೆ ತೋರಬಹುದು.

ಇದು ಬರೀ ಸೌಕರ್ಯದ ಪ್ರಶ್ನೆಯಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1.68 ಲಕ್ಷ ಮಂದಿ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ನಡೆದು ಹೋಗುತ್ತಿದ್ದವರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕಾಲುದಾರಿಯನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯಡಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಪಾದಚಾರಿಗಳಿಗೆ ಯೋಗ್ಯವಾದ ಕಾಲುದಾರಿಗಳ ಕುರಿತು ಮಾರ್ಗಸೂಚಿ ರೂಪಿಸುವಂತೆ ರಾಜ್ಯಗಳಿಗೆ ನಿರ್ದೇಶಿಸಿತು.

ನಗರದಲ್ಲಿ ಕಾಲುದಾರಿಯ ತೆರವು ನಡೆದೇ ಇಲ್ಲವೆನ್ನುವಂತಿಲ್ಲ. 2024ರಲ್ಲಿ ಪಾಲಿಕೆ 'ಟೈಗರ್ ಕಾರ್ಯಾಚರಣೆ' ಎಂಬ ಹೆಸರಿನಲ್ಲಿ ಬೀದಿಬದಿ ವ್ಯಾಪಾರಿಗಳ ಗೂಡಂಗಡಿಗಳನ್ನು ತೆರವುಗೊಳಿಸಿತು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯು ಸಮೀಕ್ಷೆ, ಪಟ್ಟಣ ವ್ಯಾಪಾರ ಸಮಿತಿ, ವ್ಯಾಪಾರ ವಲಯಗಳ ಮೂಲಕ ನಡೆಯಬೇಕೆಂದು ಹೇಳಿದ ಕೆಲಸ ಜೆಸಿಬಿಯ ಮೂಲಕ ನಡೆಯಿತೆಂದು ವ್ಯಾಪಾರಿಗಳು ಬೀದಿಗಿಳಿದರು. ಆದರೆ ಕಾಲುದಾರಿಯ ಮೇಲೆ ದಿನವಿಡೀ ನಿಂತ ಕಾರುಗಳ ವಿರುದ್ಧ ಅಂತಹ ಭಯಂಕರ ಹೆಸರಿನ ಕಾರ್ಯಾಚರಣೆ ನಡೆದುದು ಯಾರ ನೆನಪಿನಲ್ಲೂ ಇರಲಾರದು. ಕಡಲೆ ಮಾರುವವನ ಗಾಡಿ ಆಕ್ರಮಿಸುವ ಜಾಗ ಒಂದು ಕಾರು ಆಕ್ರಮಿಸುವ ಜಾಗದ ಅರ್ಧದಷ್ಟೂ ಇಲ್ಲ. ಜತೆಗೆ ಆ ಗಾಡಿಯ ಬಳಿ ನಾಲ್ಕು ಜನ ನಿಲ್ಲುತ್ತಾರೆ, ಬೀದಿಯಲ್ಲಿ ರಾತ್ರಿಯವರೆಗೆ ಬೆಳಕೂ ಸದ್ದೂ ಇರುತ್ತದೆ.

ನಾಲ್ಕನೆಯ ಕಾಮಗಾರಿಯಾದ ಮಹಾಕಾಳಿಪಡ್ಪು ಕೆಳಸೇತುವೆ ಇಲ್ಲಿ ಮುಖ್ಯವಾಗುತ್ತದೆ. ಮಂಗಳೂರು ಸೆಂಟ್ರಲ್ ನಿಲ್ದಾಣಕ್ಕೆ ಹೋಗಿಬರುವ ರೈಲುಗಳಿಂದಾಗಿ ಈ ಗೇಟು ದಿನಕ್ಕೆ ಹಲವು ಬಾರಿ ಮುಚ್ಚುತ್ತಿತ್ತು. ಗೇಟಿನ ಎದುರು ಆಂಬುಲೆನ್ಸ್ ಸಮೇತ ಕಾದು ನಿಂತವರಿಗೆ ಕೆಳಸೇತುವೆಯ ಬೆಲೆ ಗೊತ್ತು. ಅದರ ಅಗತ್ಯವನ್ನು ಪ್ರಶ್ನಿಸುವುದು ನ್ಯಾಯವಲ್ಲ. ಆದರೆ ರಾಷ್ಟ್ರೀಯ ಹೆದ್ದಾರಿ 66ರ ಕಡೆಯಿಂದ ಚತುಷ್ಪಥ ಕೆಳಸೇತುವೆಯೊಂದು ಜೆಪ್ಪುವಿನೊಳಕ್ಕೆ ಬಾಯಿ ತೆರೆದಾಗ, ಪಂಪ್‌ವೆಲ್ ವೃತ್ತವನ್ನು ತಪ್ಪಿಸಬಯಸುವ ವಾಹನಗಳು ಈ ದಾರಿ ಹಿಡಿಯುವುದು ಸಹಜ. ನಾಲ್ಕು ಪಥದಲ್ಲಿ ಬಂದ ವಾಹನಗಳು ಮೋರ್ಗನ್ಸ್‌ಗೇಟಿನಾಚೆಯ ಇಕ್ಕಟ್ಟು ರಸ್ತೆಯಲ್ಲಿ ಕೂಡಿಕೊಂಡಾಗ ಮುಂದಿನ ಬೇಡಿಕೆ ಆ ರಸ್ತೆಯ ಅಗಲೀಕರಣವೇ ಆಗಿರುತ್ತದೆ. ಅದಕ್ಕೆ ಮೊದಲು ಬಲಿಯಾಗುವುದು ಕಾಲುದಾರಿ, ನಂತರ ಮನೆಯಂಗಳದ ಮರ. ಜೆಪ್ಪು ಊರಾಗಿ ಉಳಿಯುವುದೋ, ಹೆದ್ದಾರಿಯಿಂದ ಬಂದರಿಗೆ ಹೋಗುವ ಒಳದಾರಿಯಾಗುವುದೋ ಎಂಬುದು ಮುಂದಿನ ಕೆಲವು ವರ್ಷಗಳಲ್ಲಿ ಇತ್ಯರ್ಥವಾಗಲಿದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ವಾಹನಗಳ ಸಾಗಾಟಕ್ಕಿಂತ ಜನರ ಸಾಗಾಟಕ್ಕೆ ಆದ್ಯತೆಯೆಂದು ಹೇಳಿ ಎರಡು ದಶಕ ಸಂದಿವೆ.

ರಥದ ಬೀದಿ, ಕಾರಿನ ಬೀದಿ

ವಾಹನರಹಿತ ಬೀದಿ ಎಂದಾಕ್ಷಣ ಅದು ಯುರೋಪಿನ ಕಲ್ಪನೆ, ನಮ್ಮಲ್ಲಿ ನಡೆಯದು ಎಂಬ ಮಾತು ಬರುತ್ತದೆ. ಮಂಗಳೂರಿನ ಮಟ್ಟಿಗೆ ಇದಕ್ಕಿಂತ ದೊಡ್ಡ ತಪ್ಪು ಕಲ್ಪನೆ ಇಲ್ಲ. ಈ ನಗರದಲ್ಲಿ 'ಕಾರ್‌ಸ್ಟ್ರೀಟ್' ಎಂದರೆ ಮೋಟಾರುಕಾರಿನ ಬೀದಿಯಲ್ಲ, ರಥಬೀದಿ. ರಥ ಎಳೆಯುವ ಬೀದಿ ಎಂದರೆ ಜನರೇ ತುಂಬಿ ನಡೆಯುವ ಬೀದಿ. ಊರಿಗೆ ಹೆಸರು ಕೊಟ್ಟ ಮಂಗಳಾದೇವಿಯ ರಥ ನವರಾತ್ರಿಯ ಉತ್ಸವದಲ್ಲಿ ಮಾರ್ನಮಿಕಟ್ಟೆಯವರೆಗೆ ಸಾಗುತ್ತದೆ. ಆ ದಿನಗಳಲ್ಲಿ ಪೊಲೀಸರು ವಾಹನಗಳಿಗೆ ಬದಲಿ ಮಾರ್ಗ ಪ್ರಕಟಿಸುತ್ತಾರೆ, ಬಸ್ಸುಗಳು ಬೇರೆಡೆ ತಿರುಗುತ್ತವೆ, ಜಾತ್ರೆಯ ಅಂಗಡಿಗಳು ರಸ್ತೆಗೆ ಬರುತ್ತವೆ, ಮಕ್ಕಳು ರಸ್ತೆಯ ನಡುವೆ ಓಡಾಡುತ್ತಾರೆ. ಅದರಿಂದ ಜೆಪ್ಪುವಿನ ಜನಜೀವನವೇನೂ ನಿಂತುಹೋಗುವುದಿಲ್ಲ. ಉಡುಪಿಯಲ್ಲಿ ಶ್ರೀಕೃಷ್ಣ ಮಠದ ಸುತ್ತಲಿನ ರಥಬೀದಿಯಲ್ಲಿ ವಾಹನಗಳಿಗೆ ನಿರ್ಬಂಧವಿದ್ದು, ಯಾತ್ರಿಕರೂ ಊರವರೂ ನಡೆದೇ ತಿರುಗುವುದು ಅಲ್ಲಿನ ವ್ಯಾಪಾರಕ್ಕೆ ಒದಗಿಬಂದಿದೆ. ಮಂಗಳೂರಿನಲ್ಲೇ 2023ರಲ್ಲಿ ಬೀದಿ ಆಹಾರ ಉತ್ಸವಕ್ಕಾಗಿ ಲೇಡಿಹಿಲ್, ಮಣ್ಣಗುಡ್ಡೆ ಭಾಗದ ರಸ್ತೆಯನ್ನು ಜನರಿಗೆ ಬಿಟ್ಟಾಗ ಸೇರಿದ ಜನಸಂದಣಿ ನಗರವಾಸಿಗಳ ಹಸಿವು ಆಹಾರಕ್ಕೆ ಮಾತ್ರ ಸೀಮಿತವಲ್ಲವೆಂದು ತೋರಿಸಿತು.

ನೆರೆಯ ಕಲ್ಲಿಕೋಟೆಯ ಅನುಭವ ಜೆಪ್ಪುವಿಗೆ ಹೆಚ್ಚು ಹತ್ತಿರದ್ದು. ಅಲ್ಲಿನ ಎಸ್.ಎಂ. ಸ್ಟ್ರೀಟ್, ಜನರ ಬಾಯಲ್ಲಿ ಮಿಠಾಯಿ ತೆರುವು, ಇಕ್ಕಟ್ಟಾದ ಹಳೆಯ ವ್ಯಾಪಾರ ಬೀದಿ. ಎಸ್.ಕೆ. ಪೊಟ್ಟೆಕ್ಕಾಟ್ ಅವರ 'ಒರು ತೆರುವಿಂಡೆ ಕಥಾ' ಕಾದಂಬರಿಗೆ ವಸ್ತುವಾದ ಬೀದಿ ಅದು. ಒಂದು ತುದಿಗೆ ಮಾನಾಂಚಿರದ ಕೆರೆ ಮತ್ತು ಉದ್ಯಾನ. ಈ ಬೀದಿಯನ್ನು ನವೀಕರಿಸಿ 2017ರ ಡಿಸೆಂಬರಿನಲ್ಲಿ ತೆರೆದಾಗ ಬೆಳಗ್ಗೆ 10ರಿಂದ ರಾತ್ರಿ 10ರವರೆಗೆ ವಾಹನ ಸಂಚಾರವನ್ನು ನಿಷೇಧಿಸಲಾಯಿತು. ವ್ಯಾಪಾರ ಬಿದ್ದುಹೋಗುತ್ತದೆಂದು ವರ್ತಕರು ತೀವ್ರವಾಗಿ ವಿರೋಧಿಸಿದರು. ಸರಕು ಇಳಿಸಲು ರಾತ್ರಿ ಮತ್ತು ಮುಂಜಾನೆಯ ಹೊತ್ತು ಮುಕ್ತವಾಗಿ ಉಳಿಯಿತು. ಕೆರೆ ಮತ್ತು ವ್ಯಾಪಾರ ಬೀದಿಯನ್ನು ನಡಿಗೆಯಲ್ಲಿ ಜೋಡಿಸಿದ್ದರಿಂದ ಎರಡಕ್ಕೂ ಬಲ ಬಂತು ಎಂಬುದು ಅಲ್ಲಿ ಕಾಣುವ ಪಾಠ. ಗುಜ್ಜರಕೆರೆ ಮತ್ತು ಜೆಪ್ಪು ಮಾರುಕಟ್ಟೆಯ ನಡುವಿನ ದೂರ ಅದಕ್ಕಿಂತ ಬಹಳ ಭಿನ್ನವೇನಲ್ಲ.

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಉದಾಹರಣೆ ಎಚ್ಚರಿಕೆಯ ಗಂಟೆಯೂ ಹೌದು. 2020ರ ನವೆಂಬರಿನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯವು 'ಶುದ್ಧ ಗಾಳಿ ಬೀದಿ' ಪ್ರಯೋಗವಾಗಿ ವಾರಾಂತ್ಯಗಳಲ್ಲಿ ಆ ಬೀದಿಯನ್ನು ಪಾದಚಾರಿಗಳಿಗೆ ಮೀಸಲಿಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯೂ ಇದರಲ್ಲಿ ಕೈಜೋಡಿಸಿತ್ತು. ಜನ ಬಂದರು, ಮೆಚ್ಚಿದರು. ಕೆಲವೇ ತಿಂಗಳಲ್ಲಿ ಪ್ರಯೋಗ ಮುಗಿದು ವಾಹನಗಳು ಮರಳಿದವು. ಒಂದು ಇಲಾಖೆ ಪ್ರಯೋಗವೆಂದು ಆರಂಭಿಸಿದ್ದನ್ನು ಮತ್ತೊಂದು ಇಲಾಖೆ ತನ್ನದೆಂದು ಒಪ್ಪಿಕೊಳ್ಳದಿದ್ದರೆ ಗತಿ ಇಷ್ಟೇ.

ಇನ್ನು ಯುರೋಪಿನದ್ದೇ ಉದಾಹರಣೆ ಬೇಕೆಂದರೆ, ಜೆಪ್ಪುವಿಗೆ ಹಂಚಿನ ಕಾರ್ಖಾನೆಯನ್ನು ಕಳಿಸಿದ ಬಾಸೆಲ್ ನಗರದಿಂದ ಸುಮಾರು 70 ಕಿಲೋಮೀಟರ್ ಉತ್ತರಕ್ಕೆ, ಜರ್ಮನಿಯ ಫ್ರೈಬುರ್ಗ್‌ನಲ್ಲಿ ವೊಬಾನ್ ಎಂಬ ವಸತಿ ಪ್ರದೇಶವಿದೆ. ಫ್ರೆಂಚ್ ಸೇನೆ 1990ರ ದಶಕದ ಆರಂಭದಲ್ಲಿ ಬಿಟ್ಟುಹೋದ ಶಿಬಿರದ ಜಾಗದಲ್ಲಿ ಬೆಳೆದ ಇಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಅಲ್ಲಿ ಕಾರನ್ನು ನಿಷೇಧಿಸಿಲ್ಲ ಎಂಬುದೇ ಸ್ವಾರಸ್ಯದ ಸಂಗತಿ. ವಸತಿ ಬೀದಿಗಳಿಗೆ ಕಾರು ನಡಿಗೆಯ ವೇಗದಲ್ಲಿ ಬರಬಹುದು, ಸಾಮಾನು ಅಥವಾ ಹಿರಿಯರನ್ನು ಇಳಿಸಬಹುದು, ಆದರೆ ಅಲ್ಲಿ ನಿಲ್ಲುವಂತಿಲ್ಲ. ಕಾರು ಬೇಕೆನ್ನುವವರು ಪ್ರದೇಶದ ಅಂಚಿನ ಬಹುಮಹಡಿ ನಿಲುಗಡೆಯಲ್ಲಿ ಪ್ರತ್ಯೇಕ ಹಣ ತೆತ್ತು ಜಾಗ ಪಡೆಯಬೇಕು. 2006ರಲ್ಲಿ ಟ್ರಾಮ್ ಬಂತು. ಬೀದಿಯಲ್ಲಿ ಕಾರು ನಿಲ್ಲದಾದಾಗ ಉಳಿದ ಜಾಗ ತಾನಾಗಿಯೇ ಮಕ್ಕಳ ಅಂಗಳವಾಯಿತು.

ಮಳೆಗೆ ಒಗ್ಗುವ ಅಂಗಳ

ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರಿಗೆ ಹೊರಗಿನ ನಕ್ಷೆಗಳು ಹೊಂದುವುದಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ತೆರೆದ ಚೌಕದಲ್ಲಿ ಯಾರೂ ಕೂರಲಾರರು. ಮಾರ್ಚಿನಿಂದ ಮೇವರೆಗಿನ ಸೆಕೆಯಲ್ಲಿ ನೆರಳಿಲ್ಲದ ಪಥದಲ್ಲಿ ಯಾರೂ ನಡೆಯಲಾರರು. ಹುಲ್ಲುಹಾಸಿಗೆ ಬೇಸಗೆಯಲ್ಲಿ ಕುಡಿಯುವ ನೀರನ್ನೇ ಸುರಿಯಬೇಕಾಗುತ್ತದೆ. ಕರಾವಳಿಯವರು ಇದಕ್ಕೆ ಹಿಂದೆಯೇ ಕಂಡುಕೊಂಡ ಉತ್ತರ ಕಟ್ಟೆ: ಅಶ್ವತ್ಥವೋ ಮಾವೋ ನೆರಳು ಕೊಡುವ ಮರ, ಸುತ್ತ ಕೆಂಪುಕಲ್ಲಿನ ಎತ್ತರದ ಪೀಠ, ನೀರು ಇಂಗುವ ಮಣ್ಣು. ಮಳೆಗಾಲಕ್ಕೆ ಹಂಚಿನ ಮಾಡಿನ ಚಾವಡಿ. ಹಂಚು ಹುಟ್ಟಿದ ಊರಿನಲ್ಲೇ ಬಸ್ ತಂಗುದಾಣಗಳಿಗೆ ಉಕ್ಕಿನ ತಗಡು ಹೊದೆಸುವುದು ಏಕೆಂಬ ಪ್ರಶ್ನೆಗೆ ಪಾಲಿಕೆಯ ಎಂಜಿನಿಯರುಗಳಲ್ಲಿ ಉತ್ತರವಿರಲಾರದು.

ಇಂಟರ್‌ಲಾಕ್ ಮೋಹವನ್ನು ಬಿಡುವುದು ಮೊದಲ ಹೆಜ್ಜೆ. ಮರದ ಬುಡದ ಸುತ್ತ ಒಂದು ಮೀಟರ್ ಜಾಗವನ್ನು ಕಾಂಕ್ರೀಟಿನಿಂದ ಮುಕ್ತವಾಗಿಡಬೇಕೆಂದು ದೆಹಲಿಗೆ ಸಂಬಂಧಿಸಿ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ಮಂಗಳೂರಿನ ಅನೇಕ ಮರಗಳು ಇಂದಿಗೂ ಕುತ್ತಿಗೆವರೆಗೆ ಸಿಮೆಂಟಿನಲ್ಲಿ ಹೂತಿವೆ. ಮೊದಲ ಗಾಳಿಮಳೆಗೆ ಅವು ಉರುಳಿದಾಗ ದೂರು ಮರದ ಮೇಲೆ ಬರುತ್ತದೆ.

ಆಕ್ಷೇಪಗಳು

ಜೆಪ್ಪುವಿನಲ್ಲಿ ಇಂತಹ ಪ್ರಸ್ತಾಪಕ್ಕೆ ಎದುರಾಗುವ ಆಕ್ಷೇಪಗಳು ಹುರುಳಿಲ್ಲದವಲ್ಲ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲೋ ಬೆಂಗಳೂರಿನಲ್ಲೋ ನೆಲೆಸಿ, ಮನೆಯಲ್ಲಿ ಹಿರಿಯರಷ್ಟೇ ಉಳಿದ ಕುಟುಂಬಗಳು ಇಲ್ಲಿ ಬಹಳ. ಏರುತಗ್ಗಿನ ಊರು. ಆಟೋರಿಕ್ಷಾ ಬಾರದ ಬೀದಿ ಅವರ ಪಾಲಿಗೆ ಉದ್ಯಾನವಲ್ಲ, ಬೇಲಿ. ಆದ್ದರಿಂದ ಕಾರುರಹಿತ ಬೀದಿಯನ್ನು ಆಟೋರಹಿತ ಬೀದಿಯೆಂದು ಅರ್ಥೈಸಿದರೆ ಯೋಜನೆ ಅಲ್ಲೇ ಸೋಲುತ್ತದೆ. ಆಂಬುಲೆನ್ಸ್, ಅಗ್ನಿಶಾಮಕ, ಶವಯಾತ್ರೆ, ಮದುವೆಯ ದಿಬ್ಬಣ ಎಲ್ಲಕ್ಕೂ ದಾರಿ ಇರಲೇಬೇಕು. ನಿಲ್ಲಿಸಿದ ಕಾರುಗಳೇ ಇಂದು ಆ ದಾರಿಯನ್ನು ಕಟ್ಟಿರುವುದು ಎಂಬುದನ್ನೂ ಹೇಳಬೇಕಾಗುತ್ತದೆ. ಖಾಸಗಿ ಸಿಟಿ ಬಸ್ಸುಗಳ ಮಾಲೀಕರು ಮಾರ್ಗ ಬದಲಾವಣೆಯನ್ನು ಒಪ್ಪಲಾರರು. ಬಸ್ಸು ಮುಖ್ಯರಸ್ತೆಯಲ್ಲೇ ಓಡಲಿ, ನಡಿಗೆಗೆ ಮೀಸಲಾಗಬೇಕಿರುವುದು ಕೆರೆ, ಮಾರುಕಟ್ಟೆ, ನದಿಗಳನ್ನು ಕೂಡಿಸುವ ಒಳಬೀದಿಗಳು.

ಇದಕ್ಕೆ ಬೇಕಾದ ಅಧಿಕಾರ ಈಗಾಗಲೇ ಕಾನೂನಿನಲ್ಲಿದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 115ರ ಅಡಿ ನಿರ್ದಿಷ್ಟ ರಸ್ತೆಯಲ್ಲಿ, ನಿರ್ದಿಷ್ಟ ಹೊತ್ತಿಗೆ ವಾಹನಗಳನ್ನು ನಿರ್ಬಂಧಿಸಬಹುದು. ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ಕಾಯ್ದೆ 1985ರಿಂದ ಜಾರಿಯಲ್ಲಿದೆ. ನದಿದಂಡೆಯಲ್ಲಿ ಉಳಿದಿರುವ ಹಳೆಯ ಕಾರ್ಖಾನೆ ಜಮೀನುಗಳು ವಸತಿ ಸಮುಚ್ಚಯಗಳಾಗಲು ಅನುಮತಿ ಕೇಳಿ ಬಂದಾಗ, ಆವರಣದ ಮೂಲಕ ನದಿಗೆ ಸಾರ್ವಜನಿಕ ಕಾಲುದಾರಿಯನ್ನು ಬಿಡಬೇಕೆಂಬ ಷರತ್ತನ್ನು ಪ್ರಾಧಿಕಾರ ಈಗಲೇ ರೂಪಿಸಿಕೊಳ್ಳಬೇಕು. ಆ ಜಮೀನುಗಳಿಗೂ ಗೋಡೆ ಎದ್ದ ಬಳಿಕ ವಿಹಾರಪಥ ಎರಡು ತುದಿಗಳಿಂದ ಮಾತ್ರ ಹೊಗಬಹುದಾದ ಕೊಳವೆಯಾಗುತ್ತದೆ.

ಕೇಳುವವರು ಯಾರು ಎಂಬುದು ಉಳಿದ ಪ್ರಶ್ನೆ. ನಾಗರಿಕರ ಒತ್ತಾಯದ ಫಲವಾಗಿ ಮಂಗಳೂರಿನಲ್ಲಿ ವಾರ್ಡ್ ಸಮಿತಿಗಳು ರಚನೆಯಾದವು. ಬೆಂಗಳೂರಿನ ಹೊರಗೆ ರಾಜ್ಯದಲ್ಲಿ ಇದು ಮೊದಲ ಯತ್ನಗಳಲ್ಲೊಂದು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2025ರ ಫೆಬ್ರವರಿಯಲ್ಲಿ ಮುಗಿದಾಗ ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಮಂಗಳಾದೇವಿಯ ಸಮೀಪದ ರಾಮಕೃಷ್ಣ ಮಿಷನ್ 2015ರಿಂದ ಕೈಗೊಂಡ ಸ್ವಚ್ಛ ಮಂಗಳೂರು ಅಭಿಯಾನದಲ್ಲಿ ಭಾನುವಾರ ಮುಂಜಾನೆ ಪೊರಕೆ ಹಿಡಿದು ಬೀದಿಗಿಳಿದ ಸಾವಿರಾರು ಜನ ಇದೇ ನಗರದವರು. ಬೀದಿಯ ಬಗ್ಗೆ ಈ ಊರಿಗೆ ಕಾಳಜಿ ಇಲ್ಲವೆನ್ನುವಂತಿಲ್ಲ.

ಪ್ರತಿ ನವರಾತ್ರಿಗೆ ಪೊಲೀಸ್ ಆಯುಕ್ತರ ಕಚೇರಿಯಿಂದ ಮಂಗಳಾದೇವಿ ಪರಿಸರದ ಬದಲಿ ಮಾರ್ಗಗಳ ಪ್ರಕಟಣೆ ಹೊರಡುತ್ತದೆ. ಯಾವ ವಾಹನ ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬ ವಿವರವೆಲ್ಲ ಅದರಲ್ಲಿ ಇರುತ್ತದೆ. ಅದೇ ಪ್ರಕಟಣೆಯನ್ನು ಆಧಾರವಾಗಿಟ್ಟುಕೊಂಡು, ಮಳೆಗಾಲ ಕಳೆದ ಮೇಲೆ ಒಂದು ತಿಂಗಳ ಭಾನುವಾರಗಳಂದು ಮುಂಜಾನೆ ಆರರಿಂದ ಒಂಬತ್ತರವರೆಗೆ ಗುಜ್ಜರಕೆರೆಯಿಂದ ನದಿದಂಡೆಯವರೆಗಿನ ಒಳಬೀದಿಗಳನ್ನು ನಡೆಯುವವರಿಗೆ ಬಿಟ್ಟು ನೋಡಲು ಹೊಸ ಅನುದಾನ ಬೇಕಿಲ್ಲ. ಪಾಲಿಕೆ ಆಯುಕ್ತರು ಮತ್ತು ಪೊಲೀಸ್ ಆಯುಕ್ತರು ಒಂದೇ ಕಡತಕ್ಕೆ ಸಹಿ ಹಾಕಬೇಕು, ಅಷ್ಟೇ.